ಒಂದು ಕಾಸಿನ ತೀರ್ಪು: ಮಾತು ಚಿತ್ರ ದಾಟಿ ಮನುಷ್ಯನಿಗೆ ತಾಗಿದಾಗ

ಮೈಸೂರಿನಲ್ಲಿ ಭಾನುವಾರ ಬೆಳಗ್ಗೆ ಸೇರುವ ಸಣ್ಣ ಗುಂಪು ನಮ್ಮದು. ಹತ್ತು ಹನ್ನೆರಡು ಜನ. ದೇವರಾಜ ಮಾರುಕಟ್ಟೆಯಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಕೂತು ಚಿತ್ರ ಬರೆಯುತ್ತೇವೆ. ಬಿಸಿಲು ಏರುವ ಹೊತ್ತಿಗೆ ಎಲ್ಲರ ಹಾಳೆಗಳನ್ನೂ ನೆಲದ ಮೇಲೆ ಸಾಲಾಗಿ ಇಟ್ಟು, ಸುತ್ತ ನಿಂತು ಮಾತಾಡುತ್ತೇವೆ. ಎಷ್ಟೋ ವಾರ ಬರೆದದ್ದಕ್ಕಿಂತ ಈ ಮಾತಿನಿಂದ ಕಲಿತದ್ದೇ ಜಾಸ್ತಿ.

ಒಂದು ಭಾನುವಾರ ಮಾತು ಕೆಟ್ಟಿತು. ಕಾಲೇಜು ಓದುವ ಹುಡುಗಿಯೊಬ್ಬಳು ಹೂವಿನ ಅಂಗಡಿ ಸಾಲು ಬರೆದಿದ್ದಳು. ಒದ್ದೆ ಕಾಗದದ ಮೇಲೆ ಹಳದಿ, ಕೇಸರಿ ಬಣ್ಣ ಹರಿದು ಒಂದಕ್ಕೊಂದು ಕಲೆತಿತ್ತು. ಬುಟ್ಟಿ ಯಾವುದು, ಹೂವು ಯಾವುದು, ಮಾರುವವಳ ಸೆರಗು ಯಾವುದು ಅಂತ ಬಿಡಿಸಿ ಹೇಳೋಕೆ ಆಗುತ್ತಿರಲಿಲ್ಲ. ನಮ್ಮಲ್ಲಿ ಹಿರಿಯರಾದ ಮೇಷ್ಟ್ರು ಒಬ್ಬರಿದ್ದಾರೆ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರು ಹಾಳೆ ನೋಡಿ ಹೇಳಿದರು: "ಎಷ್ಟು ಹೊತ್ತು ತಗೊಂಡೆ? ಹತ್ತು ನಿಮಿಷನಾ? ಬಣ್ಣ ದಂಡ, ಹಾಳೆ ದಂಡ. ಈಗಿನ ಮಕ್ಕಳಿಗೆ ಕೂತು ಬರೆಯೋ ವ್ಯವಧಾನ ಎಲ್ಲಿದೆ?" ಹುಡುಗಿ ಏನೂ ಹೇಳಲಿಲ್ಲ. ಹಾಳೆ ಇನ್ನೂ ಒದ್ದೆ ಇತ್ತು. ಅದನ್ನೇ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ.

ಚಿತ್ರದ ಬಗ್ಗೆ ಹೇಗೆ ಮಾತಾಡಬೇಕು ಅಂತ ಒಂದಿಷ್ಟು ನಿಯಮ ಮಾಡಿಕೊಳ್ಳೋಣ ಎಂದು ಆಮೇಲೆ ನಿಶ್ಚಯ ಮಾಡಿದೆವು. ಆದರೆ ಎಲ್ಲಿಂದ ಶುರು ಮಾಡೋದು? "ಮರ್ಯಾದೆಯಿಂದ ಮಾತಾಡಿ" ಅಂತ ಬರೆದು ಅಂಟಿಸಿದರೆ ಯಾರಿಗೂ ಏನೂ ತಿಳಿಯೋದಿಲ್ಲ. ಮೇಷ್ಟ್ರು ತಾವು ಮರ್ಯಾದೆ ಕೆಟ್ಟು ಮಾತಾಡಿದ್ದೇವೆ ಅಂತ ಅಂದುಕೊಂಡೇ ಇರಲಿಲ್ಲ. ಆಗ ನನಗೆ ನೆನಪಾದದ್ದು ಇಂಥದ್ದೇ ಒಂದು ಮಾತು ಕೋರ್ಟಿನ ತನಕ ಹೋದ ಹಳೆಯ ಪ್ರಕರಣ. ಲಂಡನ್ನಿನದು. ವಿಸ್ಲರ್ ಮತ್ತು ರಸ್ಕಿನ್, 1878. ಎರಡು ಭಾನುವಾರ ಎಲ್ಲರೂ ಸೇರಿ ಅದನ್ನೇ ಬಿಡಿಸಿ ನೋಡಿದೆವು.

ಮೊದಲು ಆ ಇಬ್ಬರು ಯಾರು ಅಂತ ಹೇಳುತ್ತೇನೆ. ಜಾನ್ ರಸ್ಕಿನ್ ಹುಟ್ಟಿದ್ದು 1819ರಲ್ಲಿ. ಆ ಕಾಲದ ಇಂಗ್ಲೆಂಡಿನಲ್ಲಿ ಕಲೆಯ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು. ಆಕ್ಸ್‌ಫರ್ಡಿನಲ್ಲಿ ಕಲೆಯ ಪ್ರೊಫೆಸರ್. ಕೂಲಿಕಾರರ ಬೆವರಿಗೆ ಬೆಲೆ ಬೇಕು ಎಂದು ಬರೆದವರು. ಅವರ ಒಂದು ಪುಸ್ತಕವನ್ನು 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಓದಿದ ಗಾಂಧೀಜಿ ತಮ್ಮ ಬದುಕನ್ನೇ ಬದಲಿಸಿಕೊಂಡರು. ಅದರ ಸಾರವನ್ನು ಗುಜರಾತಿಗೆ ತಂದು 'ಸರ್ವೋದಯ' ಎಂದು ಹೆಸರಿಟ್ಟರು. ಆ ಪದ ನಮ್ಮ ಮನೆಮನೆಯ ಪದವಾಯಿತು. ಅಂದರೆ ರಸ್ಕಿನ್ ಸಣ್ಣ ಮನಸ್ಸಿನವರಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಜೇಮ್ಸ್ ವಿಸ್ಲರ್ ಹುಟ್ಟಿದ್ದು 1834ರಲ್ಲಿ, ಅಮೆರಿಕದಲ್ಲಿ. ಪ್ಯಾರಿಸ್ಸಿನಲ್ಲಿ ಚಿತ್ರ ಕಲಿತು ಲಂಡನ್ನಿನಲ್ಲಿ ನೆಲೆ ನಿಂತವರು. ಒಂದು ಕಣ್ಣಿಗೆ ಗಾಜು, ಕೈಯಲ್ಲಿ ಬೆತ್ತ, ಉಡುಪಿನ ಶೋಕಿ. ಥೇಮ್ಸ್ ನದಿಯ ರಾತ್ರಿಗಳನ್ನು ಬರೆಯುವುದು ಅವರಿಗೆ ಹುಚ್ಚು. ಬಣ್ಣವನ್ನು ಸಾರಿನಷ್ಟು ತೆಳ್ಳಗೆ ಮಾಡಿಕೊಂಡು ತೆರೆ ತೆರೆಯಾಗಿ ಬಳಿಯುತ್ತಿದ್ದರು. ಆ ಚಿತ್ರಗಳಿಗೆ ಸಂಗೀತದಿಂದ ಎರವಲು ತಂದ 'ನಾಕ್ಟರ್ನ್' ಎಂಬ ಹೆಸರು. ರಾತ್ರಿಯ ರಾಗ ಅಂದುಕೊಳ್ಳಿ.

1877ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಗ್ರಾಸ್ವೆನರ್ ಗ್ಯಾಲರಿ ಎಂಬ ಹೊಸ ಚಿತ್ರಶಾಲೆ ತೆರೆಯಿತು. ಅಲ್ಲಿ ವಿಸ್ಲರ್ ಅವರ ಹಲವು ಚಿತ್ರಗಳಿದ್ದವು. ಒಂದರ ಹೆಸರು 'ಕಪ್ಪು ಬಂಗಾರದ ನಾಕ್ಟರ್ನ್: ಬೀಳುತ್ತಿರುವ ರಾಕೆಟ್'. ಚೆಲ್ಸಿ ಹತ್ತಿರದ ಕ್ರೆಮೋರ್ನ್ ಉದ್ಯಾನದಲ್ಲಿ ರಾತ್ರಿ ಹೊತ್ತು ಬಾಣಬಿರುಸು ಹಾರಿಸುತ್ತಿದ್ದರು, ಅದರ ಚಿತ್ರ. ಕರಿಹಸಿರು ಕತ್ತಲು. ಹೊಗೆ. ಮೇಲಿಂದ ಉದುರುವ ಕೆಂಡದ ಚುಕ್ಕೆಗಳು. ಕೆಳಗೆ ಮಸುಕು ಮಸುಕಾಗಿ ಜನ ನಿಂತ ಹಾಗೆ ಕಾಣುತ್ತದೆ. ಅಷ್ಟೇ. ದೀಪಾವಳಿ ರಾತ್ರಿ ಹೂಕುಂಡ ಆರಿದ ಮೇಲೆ ಕಣ್ಣಲ್ಲಿ ಉಳಿಯುವ ಹೊಳಪು ಇರುತ್ತದಲ್ಲ, ನನಗೆ ಅದು ಈ ಚಿತ್ರದಲ್ಲಿ ಕಂಡಷ್ಟು ನಿಜವಾಗಿ ಬೇರೆಲ್ಲೂ ಕಂಡಿಲ್ಲ. ಬೆಲೆ 200 ಗಿನಿ, ಅಂದರೆ 210 ಪೌಂಡ್.

ರಸ್ಕಿನ್ ಅದನ್ನು ನೋಡಿದರು. ಇಂಗ್ಲೆಂಡಿನ ಕೆಲಸಗಾರರಿಗೆ ಎಂದು ಅವರು ಪತ್ರಗಳ ಮಾಲೆಯೊಂದನ್ನು ಅಚ್ಚು ಹಾಕಿಸುತ್ತಿದ್ದರು. ಅದೇ ಜುಲೈನ ಪತ್ರದಲ್ಲಿ ಈ ಚಿತ್ರದ ಬಗ್ಗೆ ಬರೆದರು. ಅವರ ಮಾತಿನ ತಿರುಳು ಇಷ್ಟು: ಕೊಳ್ಳುವವರ ಹಿತಕ್ಕಾಗಿಯಾದರೂ ಗ್ಯಾಲರಿಯವರು ಇಂಥ ಚಿತ್ರಗಳನ್ನು ಒಳಗೆ ಬಿಡಬಾರದಿತ್ತು. ಇದರಲ್ಲಿ ಕಲಾವಿದನ ಅರೆಕಲಿಕೆಯ ಅಹಂಕಾರ ಬೇಕೆಂದೇ ಮಾಡುವ ಮೋಸದ ಹತ್ತಿರಕ್ಕೆ ಬಂದಿದೆ. ಕಾಕ್ನಿ ಜನರ ಸೊಕ್ಕನ್ನು ಸಾಕಷ್ಟು ಕಂಡಿದ್ದೇನೆ. ಆದರೆ ಒಬ್ಬ ಶೋಕಿಲಾಲ ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಿ 200 ಗಿನಿ ಕೇಳುತ್ತಾನೆ ಅಂದುಕೊಂಡಿರಲಿಲ್ಲ.

ವಿಸ್ಲರ್ ಮಾನನಷ್ಟದ ಮೊಕದ್ದಮೆ ಹೂಡಿದರು. 1,000 ಪೌಂಡ್ ಪರಿಹಾರ ಕೇಳಿದರು.

ಕೋರ್ಟಿಗೆ ಹೋಗುವ ಮೊದಲು ಆ ಮಾತನ್ನೇ ಸ್ವಲ್ಪ ನಿಂತು ನೋಡಬೇಕು. ನಮ್ಮ ಗುಂಪಿನಲ್ಲಿ ಒಬ್ಬರು ಅದರ ಒಂದೊಂದು ತುಂಡನ್ನೂ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ "ಇದು ಯಾರ ಬಗ್ಗೆ?" ಅಂತ ಗುರುತು ಹಾಕಿದರು. ಅರೆಕಲಿಕೆ: ಅದು ಮನುಷ್ಯನ ಬಗ್ಗೆ. ಅಹಂಕಾರ: ಮನುಷ್ಯನ ಬಗ್ಗೆ. ಬೇಕೆಂದೇ ಮಾಡುವ ಮೋಸ: ಅವನ ಮನಸ್ಸಿನೊಳಗಿನ ಉದ್ದೇಶದ ಬಗ್ಗೆ. ಕಾಕ್ನಿ: ಲಂಡನ್ನಿನ ಬಡ ಬೀದಿಗಳ ಜನರನ್ನು ಕರೆಯುವ ಹೆಸರು, ಅಂದರೆ ಕುಲ ನೆಲೆಯ ಮೇಲಿನ ಏಟು, ಅದೂ ಅಮೆರಿಕದಲ್ಲಿ ಹುಟ್ಟಿದವರಿಗೆ! ಶೋಕಿಲಾಲ: ಉಡುಪಿನ ಬಗ್ಗೆ. 200 ಗಿನಿ: ಬೆಲೆಯ ಬಗ್ಗೆ. ಚಿತ್ರದ ಬಗ್ಗೆ ಉಳಿದದ್ದು "ಬಣ್ಣದ ಡಬ್ಬಿ" ಒಂದೇ. ಅದೂ ಬೈಗುಳದ ರೂಪದಲ್ಲಿ. ಕತ್ತಲಿನ ಬಣ್ಣ ಸರಿಯಿಲ್ಲ ಎಂದೋ, ಕೆಳಗಿನ ಆಕಾರಗಳು ತಿಳಿಯುತ್ತಿಲ್ಲ ಎಂದೋ, ಕಣ್ಣಿಗೆ ಕಂಡದ್ದನ್ನು ಹೇಳುವ ಒಂದು ಪದವೂ ಇಲ್ಲ. ಜೀವನವಿಡೀ ಜನರಿಗೆ ನೋಡುವುದನ್ನು ಕಲಿಸಿದವರು ಈ ಚಿತ್ರವನ್ನು ನೋಡಿಯೇ ಇರಲಿಲ್ಲ. ಆ ಹಾಳೆ ನೋಡಿ ನನಗೆ ನಿಜಕ್ಕೂ ಬೇಸರವಾಯಿತು.

ಬೇಸರ ಹೆಚ್ಚಾಗಲು ಇನ್ನೊಂದು ಕಾರಣವಿದೆ. ಇದೇ ರಸ್ಕಿನ್ 24ನೇ ವಯಸ್ಸಿನಲ್ಲಿ ಹೆಸರು ಮಾಡಿದ್ದು ಬೈಗುಳ ತಿಂದ ಒಬ್ಬ ಚಿತ್ರಕಾರನ ಪರ ನಿಂತು. ಆ ಚಿತ್ರಕಾರ ಟರ್ನರ್. 1842ರಲ್ಲಿ ಟರ್ನರ್ ಹಿಮಗಾಳಿಗೆ ಸಿಕ್ಕ ಹಡಗಿನ ಚಿತ್ರ ಇಟ್ಟಾಗ ಒಬ್ಬ ವಿಮರ್ಶಕ ಅದನ್ನು "ಸೋಪಿನ ನೊರೆ, ಸುಣ್ಣದ ನೀರು" ಎಂದಿದ್ದ. ಆ ದಿನ ಸಂಜೆ ಟರ್ನರ್ ರಸ್ಕಿನ್ ಅವರ ತಂದೆಯ ಮನೆಗೆ ಬಂದಿದ್ದರು. ಊಟ ಆದಮೇಲೆ ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಆ ವಯಸ್ಸಾದ ಮನುಷ್ಯ ತಮ್ಮಷ್ಟಕ್ಕೇ ಗೊಣಗುತ್ತಿದ್ದರು: ಸೋಪಿನ ನೊರೆ, ಸುಣ್ಣದ ನೀರು! ಸಮುದ್ರ ಹೇಗಿರುತ್ತೆ ಅಂದುಕೊಂಡಿದ್ದಾರೆ ಇವರು? ಅದರೊಳಗೆ ಇವರೂ ಇರಬೇಕಿತ್ತು. ಇದನ್ನು ಕಿವಿಯಾರೆ ಕೇಳಿ ನಮಗೆ ಬರೆದಿಟ್ಟವರು ರಸ್ಕಿನ್ನೇ. ಒಂದು ಮಾತು ಒಬ್ಬ ಚಿತ್ರಕಾರನಿಗೆ ಹೇಗೆ ನಾಟುತ್ತದೆ ಅಂತ ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಆದರೂ 35 ವರ್ಷದ ಮೇಲೆ ಹಾಗೇ ಬರೆದರು.

ಹಾಗಾದರೆ ಅವರಿಗೆ ಅಷ್ಟು ಸಿಟ್ಟು ಯಾಕೆ ಬಂತು? ನನಗೆ ಅನ್ನಿಸುವುದು ಹೀಗೆ. ಅವರ ಕಣ್ಣಲ್ಲಿ ಚಿತ್ರವೂ ಒಂದು ದುಡಿಮೆ. ಕಲ್ಲು ಕೆತ್ತುವವನು, ಮರ ಕೊರೆಯುವವನು ಬೆವರು ಸುರಿಸಿ ದುಡಿಯುವಾಗ, ಒಬ್ಬ ಬೇಗ ಬಳಿದು ದೊಡ್ಡ ದುಡ್ಡು ಕೇಳಿದರೆ ಅದು ದುಡಿಯುವವರಿಗೆ ಮಾಡಿದ ಅನ್ಯಾಯ. ಆ ಕಾಳಜಿ ಒಳ್ಳೆಯದೇ. ನಮ್ಮ ಮೇಷ್ಟ್ರಲ್ಲೂ ಇದ್ದದ್ದು ಅದೇ ಕಾಳಜಿ. ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದವರು ಅವರು. ಒಳ್ಳೆಯ ಕಾಳಜಿ ಇರುವವರ ಬಾಯಿಂದಲೇ ಇಂಥ ಮಾತು ಬರುತ್ತದೆ, ಅಲ್ವಾ? ಕೆಟ್ಟವರಿಗಾಗಿ ಮಾತ್ರ ನಿಯಮ ಮಾಡಿದರೆ ಅದು ಕೆಲಸಕ್ಕೆ ಬಾರದು.

ವಿಚಾರಣೆ ನಡೆದದ್ದು 1878ರ ನವೆಂಬರ್ 25 ಮತ್ತು 26ರಂದು, ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ನ್ಯಾಯಾಧೀಶ ಹಡಲ್‌ಸ್ಟನ್ ಮತ್ತು ಜ್ಯೂರಿಯ ಮುಂದೆ. ರಸ್ಕಿನ್ ಬರಲಿಲ್ಲ. ಆ ವರ್ಷದ ಮೊದಲಲ್ಲೇ ಅವರ ಮನಸ್ಸಿನ ಆರೋಗ್ಯ ತೀರಾ ಕೆಟ್ಟಿತ್ತು. ಅವರ ಪರ ವಾದಿಸಿದ್ದು ಅಟಾರ್ನಿ ಜನರಲ್ ಸರ್ ಜಾನ್ ಹೋಕರ್. ಅವರ ಪಾಟೀ ಸವಾಲಿನಲ್ಲಿ ಎಲ್ಲರಿಗೂ ನೆನಪಿರುವ ಭಾಗ ಇದು. ಈ ಚಿತ್ರವನ್ನು ಎಷ್ಟು ಹೊತ್ತಿನಲ್ಲಿ ಬಳಿದು ಮುಗಿಸಿದಿರಿ ಎಂದು ಹೋಕರ್ ಕೇಳಿದರು. ಸುಮಾರು ಒಂದು ದಿನ, ಮರುದಿನ ಒಂದೆರಡು ಗೆರೆ ತಿದ್ದಿರಬಹುದು, ಎರಡು ದಿನ ಅನ್ನಿ, ಎಂದರು ವಿಸ್ಲರ್. ಎರಡು ದಿನದ ಕೆಲಸಕ್ಕೆ 200 ಗಿನಿಯೇ? ಅಲ್ಲ, ಒಂದು ಜೀವಮಾನದ ದುಡಿಮೆಯಿಂದ ಗಳಿಸಿದ ತಿಳಿವಿಗೆ, ಎಂದು ವಿಸ್ಲರ್ ಉತ್ತರ ಕೊಟ್ಟರು. ಕೋರ್ಟಿನಲ್ಲಿ ಚಪ್ಪಾಳೆ ಬಿತ್ತು.

ಈ ಉತ್ತರ ಓದಿದಾಗ ನಮ್ಮ ಮೇಷ್ಟ್ರು ತಲೆ ತಗ್ಗಿಸಿದರು. "ನಾನೂ ಅದನ್ನೇ ಕೇಳಿದ್ದೆ ಅಲ್ವಾ, ಎಷ್ಟು ಹೊತ್ತು ತಗೊಂಡೆ ಅಂತ" ಎಂದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಭಾಗ. ವಿಸ್ಲರ್ ಅವರದೇ ಇನ್ನೊಂದು ಚಿತ್ರ, ಥೇಮ್ಸ್ ಮೇಲಿನ ಬ್ಯಾಟರ್‌ಸಿ ಸೇತುವೆಯ ನಾಕ್ಟರ್ನ್ ತೋರಿಸಿ, ಇದು ಸೇತುವೆಯ ಸರಿಯಾದ ಚಿತ್ರವೇ ಎಂದು ಕೇಳಿದರು. ಸೇತುವೆಯ ಪಡಿಯಚ್ಚು ತೆಗೆಯುವ ಉದ್ದೇಶವೇ ನನಗಿರಲಿಲ್ಲ, ಇದು ಬೆಳದಿಂಗಳ ನೋಟ, ಬಣ್ಣಗಳ ಒಂದು ಹದವನ್ನು ತರುವುದಷ್ಟೇ ನನ್ನ ಉದ್ದೇಶ, ಎಂದರು ವಿಸ್ಲರ್. ಸೇತುವೆ ಮೇಲಿರುವುದು ಜನರೇ ಎಂದರೆ, ನಿಮಗೆ ಹೇಗೆ ಕಾಣುತ್ತದೋ ಹಾಗೆ ಎಂದರು. ಇದನ್ನು ಗಮನಿಸಿ. ಬೈಗುಳ ಅಚ್ಚಾಗಿ 16 ತಿಂಗಳಾಗಿತ್ತು. "ನೀವು ಏನು ಮಾಡಲು ಹೊರಟಿದ್ದಿರಿ?" ಎಂಬ ಪ್ರಶ್ನೆಗೆ ಉತ್ತರ ಹೊರಬಿದ್ದದ್ದು ಈಗ, ಸಾಕ್ಷಿಯ ಕಟಕಟೆಯಲ್ಲಿ, ಪಾಟೀ ಸವಾಲಿನ ನಡುವೆ. ಆ ಪ್ರಶ್ನೆಯನ್ನು ಗ್ಯಾಲರಿಯಲ್ಲಿ ಕೇಳಿದ್ದರೆ ಒಂದು ನಿಮಿಷದ ಕೆಲಸ.

ರಸ್ಕಿನ್ ಪರ ಸಾಕ್ಷಿಗಳಲ್ಲಿ ಎಡ್ವರ್ಡ್ ಬರ್ನ್ ಜೋನ್ಸ್ ಇದ್ದರು. ಅವರೂ ದೊಡ್ಡ ಚಿತ್ರಕಾರರು. ಗೆಳೆತನಕ್ಕೆ ಕಟ್ಟುಬಿದ್ದು, ಮನಸ್ಸಿಲ್ಲದ ಮನಸ್ಸಿನಿಂದ ಬಂದಿದ್ದರು. ಸೇತುವೆಯ ಚಿತ್ರದಲ್ಲಿ ಬಣ್ಣ ಚೆನ್ನಾಗಿದೆ, ಆದರೆ ರೂಪ ಗೊಂದಲ ಹುಟ್ಟಿಸುತ್ತದೆ, ಕೆಲಸ ಪೂರ್ತಿಯಾಗಿಲ್ಲ ಎಂದರು. ಇದು ಕಟುವಾದ ಮಾತೇ. ಆದರೂ ಇಲ್ಲಿ ಬೆರಳು ಚಿತ್ರದ ಮೇಲಿದೆ. ಇಂಥ ಮಾತಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಆಮೇಲೆ ಬಾಣಬಿರುಸಿನ ಚಿತ್ರಕ್ಕೆ 200 ಗಿನಿ ತೂಗುವುದಿಲ್ಲ ಎಂದೂ ಅವರು ಹೇಳಿದರು. ಅಲ್ಲಿ ಬೆರಳು ಮತ್ತೆ ಜಾರಿತು.

ತೀರ್ಪು ವಿಸ್ಲರ್ ಕಡೆಗೇ ಆಯಿತು. ಆದರೆ ಪರಿಹಾರ ಒಂದು ಫಾರ್ದಿಂಗ್. ಆಗಿನ ಇಂಗ್ಲೆಂಡಿನ ಅತಿ ಸಣ್ಣ ನಾಣ್ಯಗಳಲ್ಲಿ ಒಂದು, ಪೆನ್ನಿಯ ಕಾಲು ಭಾಗ. ಒಂದು ಪೌಂಡಿಗೆ 960 ಫಾರ್ದಿಂಗ್. ಅಂದರೆ ಅವರು ಕೇಳಿದ್ದು 9,60,000, ಸಿಕ್ಕಿದ್ದು 1. ಕೋರ್ಟಿನ ಖರ್ಚನ್ನು ಅವರವರೇ ಹೊರಬೇಕಾಯಿತು. ಮಾತು ಗೆರೆ ದಾಟಿದ್ದು ಹೌದು, ಆದರೆ ಇದನ್ನು ಇಲ್ಲಿಗೆ ತರಬಾರದಿತ್ತು ಎಂದು ಜ್ಯೂರಿ ಹೇಳಿದ ಹಾಗಾಯಿತು.

ಇಬ್ಬರೂ ಸೋತರು. ಮೊದಲೇ ಸಾಲದಲ್ಲಿದ್ದ ವಿಸ್ಲರ್ 1879ರ ಮೇ ತಿಂಗಳಲ್ಲಿ ದಿವಾಳಿ ಎದ್ದರು. ಚೆಲ್ಸಿಯಲ್ಲಿ ಆಸೆಪಟ್ಟು ಕಟ್ಟಿಸಿಕೊಂಡ ಮನೆ ಕೈಬಿಟ್ಟಿತು. ರಸ್ಕಿನ್ ಅವರ ಖರ್ಚನ್ನು ಅಭಿಮಾನಿಗಳು ಚಂದಾ ಎತ್ತಿ ತುಂಬಿದರು. ಆದರೆ ಅವರು ಆಕ್ಸ್‌ಫರ್ಡಿನ ಹುದ್ದೆ ಬಿಟ್ಟರು. ಅಭಿಪ್ರಾಯ ಹೇಳಿದ್ದಕ್ಕೆ ದಂಡ ಕಟ್ಟಬೇಕೆಂದರೆ ಆ ಕುರ್ಚಿಯಲ್ಲಿ ಕೂರಲಾರೆ ಎಂಬುದು ಅವರ ಕಾರಣ. ಇತ್ತ ವಿಸ್ಲರ್ ಡಿಸೆಂಬರಿನಲ್ಲೇ ಒಂದು ಪುಸ್ತಿಕೆ ಅಚ್ಚು ಹಾಕಿಸಿ, ಕುಂಚ ಹಿಡಿಯದವರಿಗೆ ಚಿತ್ರದ ಬಗ್ಗೆ ಮಾತಾಡುವ ಹಕ್ಕೇ ಇಲ್ಲ ಎಂದು ವಾದಿಸಿದರು. ಇದನ್ನು ನಾನು ಒಪ್ಪುವುದಿಲ್ಲ. ಹಾಗಾದರೆ ಚಿತ್ರ ನೋಡುವ ನಮ್ಮ ತಾಯಂದಿರು, ಹೂವು ಮಾರುವವರು, ಪಕ್ಕದಲ್ಲಿ ನಿಂತು ಇಣುಕುವ ಮಕ್ಕಳು ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕೇ? ಮಾರುಕಟ್ಟೆಯಲ್ಲಿ ಹೂವಿನವರು ನನ್ನ ಹಾಳೆ ನೋಡಿ "ಕನಕಾಂಬರ ಇಷ್ಟು ಕೆಂಪಿರಲ್ಲ ಕಣಪ್ಪ" ಅಂದದ್ದು ನನಗೆ ಸಿಕ್ಕಿದ ಒಳ್ಳೆಯ ವಿಮರ್ಶೆಗಳಲ್ಲಿ ಒಂದು.

ಆ ಬಾಣಬಿರುಸಿನ ಚಿತ್ರ ಈಗ ಅಮೆರಿಕದ ಡೆಟ್ರಾಯಿಟ್ ಕಲಾ ಸಂಗ್ರಹಾಲಯದಲ್ಲಿದೆ.

ಇಷ್ಟು ಓದಿದ ಮೇಲೆ ನಮ್ಮ ನಿಯಮದ ಕೆಲಸಕ್ಕೆ ಕೂತೆವು. ಮೊದಲನೆಯದು ತಾನಾಗಿಯೇ ಬಂತು: ಕೇಳಿ ಆಮೇಲೆ ಹೇಳು. ಹಾಳೆ ನೆಲಕ್ಕೆ ಬಿದ್ದ ಕೂಡಲೇ ಯಾರೂ ತೀರ್ಪು ಕೊಡುವ ಹಾಗಿಲ್ಲ. "ಏನನ್ನು ಹಿಡಿಯೋಕೆ ಹೊರಟಿದ್ರಿ?" ಅಂತ ಒಂದು ಪ್ರಶ್ನೆ ಆಗಲೇಬೇಕು. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಕ್ರಮವೊಂದಿದೆ. ಮೊದಲು ನೋಡಿದವರು ತಮಗೆ ತಟ್ಟಿದ್ದನ್ನು ಹೇಳುತ್ತಾರೆ. ಆಮೇಲೆ ಕಲಾವಿದರು ತಮಗೆ ಬೇಕಾದ ಪ್ರಶ್ನೆ ಕೇಳುತ್ತಾರೆ. ಆಮೇಲೆ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ. ಕೊನೆಗೆ, ಕಲಾವಿದರ ಒಪ್ಪಿಗೆ ಪಡೆದು ಅಭಿಪ್ರಾಯ. ನಮ್ಮ ಬಯಲು ಗುಂಪಿಗೆ ಅಷ್ಟು ಹಂತ ಉದ್ದವಾಯಿತು. ಆದರೆ ಪ್ರಶ್ನೆ ಮೊದಲು ಎಂಬುದನ್ನು ಅಲ್ಲಿಂದ ತೆಗೆದುಕೊಂಡೆವು.

ಎರಡನೆಯದು ಬೆರಳಿನ ನಿಯಮ. ಏನಾದರೂ ಸರಿಯಿಲ್ಲ ಅನ್ನಿಸಿದರೆ ಹಾಳೆಯ ಮೇಲೆ ಎಲ್ಲಿ ಅಂತ ಬೆರಳಿಟ್ಟು ತೋರಿಸಬೇಕು. ತೋರಿಸಲು ಜಾಗ ಸಿಗದ ಮಾತು ಚಿತ್ರದ ಮಾತಲ್ಲ. "ವ್ಯವಧಾನ ಇಲ್ಲ" ಅನ್ನುವುದನ್ನು ಹಾಳೆಯಲ್ಲಿ ಎಲ್ಲಿ ತೋರಿಸುತ್ತೀರಿ? "ಈ ಬುಟ್ಟಿಯ ಅಂಚು ಹೂವಿನಲ್ಲಿ ಕರಗಿಹೋಗಿದೆ" ಅನ್ನುವುದನ್ನು ತೋರಿಸಬಹುದು. ಇದೇ ನಿಯಮ ಹೊಗಳಿಕೆಗೂ ಇದೆ. ಬರೀ "ಸೂಪರ್" ಅಂತ ಮುಂದಕ್ಕೆ ಹೋಗುವ ಹಾಗಿಲ್ಲ. ಇದನ್ನು ಸೇರಿಸಿದ್ದು ಮೇಷ್ಟ್ರೇ. "ಹೊಗಳಿ ಹೊಗಳಿ ಮಕ್ಕಳನ್ನು ಹಾಳು ಮಾಡಬೇಡಿ" ಎಂದು ಅವರು ಪಟ್ಟು ಹಿಡಿದರು. ಅವರ ಮಾತು ಸರಿ. ನೋಡದೆ ಹೊಗಳುವುದೂ ನೋಡದೆ ಬೈಯುವುದೂ ಬರೆದವರಿಗೆ ಒಂದೇ ರೀತಿಯ ಅಗೌರವ.

ಚರ್ಚೆ ಜಾಸ್ತಿ ಆದದ್ದು ಮೂರನೆಯದಕ್ಕೆ. "ನೀನು" ಅನ್ನುವ ಪದ ಬಳಸಬಾರದು, ಚಿತ್ರದ ಬಗ್ಗೆ ಮಾತ್ರ ವಾಕ್ಯ ಮಾಡಬೇಕು ಎಂದು ಒಬ್ಬರು ಸೂಚಿಸಿದರು. ಪ್ರಯತ್ನ ಮಾಡಿದೆವು. ಕನ್ನಡದಲ್ಲಿ ಅದು ನಿಲ್ಲಲಿಲ್ಲ. "ಸೋಮಾರಿತನ ಎದ್ದು ಕಾಣ್ತಿದೆ" ಅಂದರೆ ಅದರಲ್ಲಿ ನೀನು ಎಲ್ಲೂ ಇಲ್ಲ, ಆದರೂ ಏಟು ಸರಿಯಾಗಿ ಎದೆಗೇ ಬೀಳುತ್ತದೆ. ನಮ್ಮ ಭಾಷೆಯಲ್ಲಿ ಹೆಸರೆತ್ತದೆ ಬೈಯೋದು ಬಲು ಸುಲಭ. ಹಾಗಾಗಿ ಬೇರೆ ದಾರಿ ಹಿಡಿದೆವು: ಹಾಳೆಗಳು ನೆಲದ ಮೇಲಿರುವಷ್ಟು ಹೊತ್ತು ಎಲ್ಲರಿಗೂ ಬಹುವಚನ. ಹದಿನೆಂಟರ ಹುಡುಗಿಗೂ "ನೀವು". ಮೇಷ್ಟ್ರಿಗೆ ಇದು ಕಷ್ಟವಾಯಿತು. ಮೊಮ್ಮಗಳ ವಯಸ್ಸಿನವಳಿಗೆ ಹೋಗಿ ಬನ್ನಿ ಅನ್ನಬೇಕೇ ಎಂದರು. ಆದರೆ ಮಾಡಿದರು. ನಾನು ಗಮನಿಸಿದ್ದು ಹೇಳುತ್ತೇನೆ: "ನೀವು" ಎಂದು ಶುರುವಾದ ವಾಕ್ಯದ ಕೊನೆಗೆ "ಬಣ್ಣ ದಂಡ" ಅನ್ನೋದು ಬಂದು ಕೂರೋದಿಲ್ಲ. ನಾಲಿಗೆ ತಾನೇ ತಡೆಯುತ್ತದೆ.

ಎಷ್ಟು ಹೊತ್ತು, ಎಷ್ಟು ದುಡ್ಡು ಎಂಬ ಪ್ರಶ್ನೆ ಬೇಡ ಎಂದೂ ಬರೆದೆವು. ಎಷ್ಟು ಹೊತ್ತು ಎಂಬುದನ್ನು ಕಲಿಯುವ ಆಸೆಯಿಂದ ಕೇಳಬಹುದಲ್ಲ ಎಂದು ಒಬ್ಬರು ತಕರಾರು ಎತ್ತಿದರು. ಸರಿ, ಅದನ್ನು ಚಹಾ ಕುಡಿಯುವಾಗ ಕೇಳಿ ಎಂದಾಯಿತು.

ಇನ್ನು ಉಳಿದದ್ದು ಮೋಸದ ಪ್ರಶ್ನೆ. ರಸ್ಕಿನ್ ಅಂದದ್ದು ಸುಳ್ಳಿರಬಹುದು. ಆದರೆ ನಿಜವಾಗಿಯೂ ಮೋಸ ಇದ್ದರೆ? ಬೇರೆಯವರ ಚಿತ್ರವನ್ನು ತನ್ನದು ಅಂತ ತಂದಿಟ್ಟರೆ ಸುಮ್ಮನಿರಬೇಕಾ? ಇದಕ್ಕೆ ನಮ್ಮಲ್ಲಿ ಒಂದೇ ಮಾತಿನ ಉತ್ತರ ಇರಲಿಲ್ಲ. ಅನುಮಾನ ಬಂದರೆ ಎಲ್ಲರ ಮುಂದೆ ಆರೋಪ ಬೇಡ, "ಇದನ್ನು ಹೇಗೆ ಮಾಡಿದ್ರಿ?" ಎಂದು ಕೇಳೋಣ ಎಂದಷ್ಟೇ ಬರೆದುಕೊಂಡೆವು.

ಹುಡುಗಿಗೆ ಮೇಷ್ಟ್ರೇ ಫೋನ್ ಮಾಡಿದರು. ಏನು ಮಾತಾಡಿದರೋ ನಾವು ಕೇಳಲಿಲ್ಲ. ಎರಡು ವಾರ ಬಿಟ್ಟು ಬಂದಳು. ಸುರುಳಿ ಸುತ್ತಿದ್ದ ಅದೇ ಹಾಳೆ ತಂದಿದ್ದಳು. ಒದ್ದೆಯಲ್ಲಿ ಸುತ್ತಿದ್ದರಿಂದ ಹಳದಿ ಬಣ್ಣ ಹಿಂಭಾಗಕ್ಕೂ ಅಂಟಿತ್ತು. ಏನನ್ನು ಹಿಡಿಯೋಕೆ ಹೊರಟಿದ್ರಿ ಎಂದು ಮೇಷ್ಟ್ರು ಕೇಳಿದರು. "ವಾಸನೆ ಸರ್," ಅಂದಳು. "ಬೆಳಗ್ಗೆ ಮಾರುಕಟ್ಟೆ ಒಳಗೆ ಕಾಲಿಟ್ಟಾಗ ಯಾವ ಹೂವು ಅಂತ ಗೊತ್ತಾಗಲ್ಲ, ಎಲ್ಲಾ ಸೇರಿ ಒಂದೇ ಸಲ ಬರುತ್ತಲ್ಲ, ಅದು." ಮೇಷ್ಟ್ರು ಬಹಳ ಹೊತ್ತು ಹಾಳೆ ನೋಡಿದರು. ಆಮೇಲೆ ಎಡಗಡೆ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲಿ ಕಂದು ಬಣ್ಣದಲ್ಲಿ ಒಂದು ಬುಟ್ಟಿ ಗಟ್ಟಿಯಾಗಿ ನಿಂತಿತ್ತು. "ಹಾಗಾದರೆ ಇದು ಯಾಕೆ ಇಲ್ಲಿ? ಇದೊಂದು ಅಡ್ಡ ಬರ್ತಿದೆ ನೋಡಿ" ಎಂದರು.

ಅವಳು ಬಗ್ಗಿ ನೋಡಿ, ಚೀಲದಿಂದ ಕುಂಚ ತೆಗೆದಳು.